ಡಿ5600 ಬಾಡಿ ಸಿಕ್ಕಿದೆ, ಲೆನ್ಸ್ ಇಲ್ಲ. ಪುತ್ತರಿಗೆ ಮೊದಲು ಯಾವುದು ತಗೊಳ್ಳಲಿ?

ನಾಪೋಕ್ಲು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ನಾಪೋಕ್ಲು ಕಡೆಯವಳು, ಪ್ರೈಮರಿ ಶಾಲೆಯಲ್ಲಿ ಟೀಚರ್. ಚಿಕ್ಕಪ್ಪನ ಮಗ ಮಿರರ್‌ಲೆಸ್ ಕ್ಯಾಮೆರಾ ತಗೊಂಡ. ಅವನ ಹಳೆಯ ನಿಕಾನ್ ಡಿ5600 ನನಗೆ ಕೊಟ್ಟಿದ್ದಾನೆ. ಬಾಡಿ ಮಾತ್ರ. ಜೊತೆಗಿದ್ದ ಲೆನ್ಸ್ ಯಾವತ್ತೋ ಮಾರಿಬಿಟ್ಟನಂತೆ. ಇಲ್ಲಿಯವರೆಗೆ ನಾನು ಫೋನಿನಲ್ಲಷ್ಟೇ ಫೋಟೋ ತೆಗೆದವಳು.

ನನಗೆ ಎಲ್ಲದಕ್ಕೂ ಆಗುವ ಒಂದು ಲೆನ್ಸ್ ಬೇಕು. ಶಾಲೆ ಮಕ್ಕಳು, ಕಾಫಿ ತೋಟ, ಬೆಳಗಿನ ಮಂಜು, ಆಗಾಗ ಒಂದು ಮದುವೆ. ಎಲ್ಲಕ್ಕಿಂತ ಜಾಸ್ತಿ ಆಸೆ ನಮ್ಮ ಕೊಡಗಿನ ಸುಗ್ಗಿ ಹಬ್ಬ, ಈ ಸಲದ ಪುತ್ತರಿಯದು. ನಮ್ಮ ಅಜ್ಜನಿಗೆ ತುಂಬಾ ವಯಸ್ಸಾಗಿದೆ. ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ದೀಪದ ಮುಂದೆ ಕೂತು ಅವರು ನೆರೆ ಅನ್ನೋ ಹಬ್ಬದ ಎಲೆಗಳ ಕಟ್ಟು ಕಟ್ಟುವುದನ್ನು ನೋಡಿಕೊಂಡೇ ನಾವೆಲ್ಲ ಬೆಳೆದವರು. ಅದರ ಒಂದು ಒಳ್ಳೆಯ ಫೋಟೋ ಮನೆಯಲ್ಲಿ ಇಲ್ಲ. ಹೋದ ವರ್ಷ ಫೋನಿನಲ್ಲಿ ತೆಗೆದದ್ದೆಲ್ಲ ಮಸುಕು.

ಬಜೆಟ್ 20,000 ರೂಪಾಯಿ. ಹಳೆಯದಾದರೂ ಪರವಾಗಿಲ್ಲ. ಒಬ್ಬರು 18-140 ಎಂಎಂ ಲೆನ್ಸ್ ಅಂತಾರೆ, ಇನ್ನೊಬ್ಬರು 18-400 ಅಂತಾರೆ. ಕೇಳಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ.

ಕುಶಾಲನಗರ ಕ್ಲಿಕ್

ಟೀಚರ್, ನನ್ನ ಓಟು 18-140ಕ್ಕೆ. ಆರು ವರ್ಷದಿಂದ ನನ್ನ ಕ್ಯಾಮೆರಾದ ಮೇಲೆ ಇರುವುದು ಅದೇ. ನಿಮ್ಮ ಕ್ಯಾಮೆರಾದ ಸೆನ್ಸರ್ ಫುಲ್ ಫ್ರೇಮ್‌ಗಿಂತ, ಅಂದರೆ ಹಳೆಯ ಫಿಲ್ಮ್ ಅಳತೆಗಿಂತ, ಚಿಕ್ಕದು. ಅದಕ್ಕೇ ಲೆನ್ಸ್ ಮೇಲೆ ಬರೆದ ಅಂಕಿಯನ್ನು ಒಂದೂವರೆಯಿಂದ ಗುಣಿಸಿ ನೋಡಬೇಕು. 18-140 ಅಂದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 27ರಿಂದ 210. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಇಡೀ ಕಣಿವೆಯನ್ನೂ ತೆಗೀಬಹುದು. ದುಬಾರೆಯಲ್ಲಿ ಹೊಳೆಯ ಈ ದಡದಿಂದ ಆ ದಡದ ಆನೆಯನ್ನೂ ತೆಗೀಬಹುದು.

ನಮ್ಮ ಊರಿನಲ್ಲಿ ಒಂದೇ ಲೆನ್ಸ್ ಇರುವುದಕ್ಕೆ ಇನ್ನೊಂದು ಲಾಭ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಿಂತು ಲೆನ್ಸ್ ಬದಲಿಸೋಕೆ ಆಗೋದೇ ಇಲ್ಲ. ಒಂದು ಹನಿ ಒಳಗೆ ಬಿದ್ದರೆ ಮುಗೀತು. ಒಂದು ಲೆನ್ಸ್ ಹಾಕಿ, ಮುಚ್ಚಿ, ನೆಮ್ಮದಿಯಾಗಿರಿ.

ಬೆಟ್ಟದ ಹಾದಿ

18-400 ಮಾತ್ರ ಬೇಡ. ಅದು ಟ್ಯಾಮ್ರಾನ್‌ನ ಲೆನ್ಸ್, 700 ಗ್ರಾಂಗಿಂತ ಜಾಸ್ತಿ ತೂಕ. ಕ್ಯಾಮೆರಾ ಬಾಡಿಯೇ ಬ್ಯಾಟರಿ ಸೇರಿ 465 ಗ್ರಾಂ. ಬಾಡಿಗಿಂತ ಲೆನ್ಸ್ ಭಾರ ಆದರೆ ಕತ್ತು ಮುಂದಕ್ಕೆ ಜಗ್ಗುತ್ತಾ ಇರುತ್ತದೆ. ನಾನು ಒಂದು ಸಲ ಗೆಳೆಯನದ್ದು ಹಾಕಿಕೊಂಡು ತಡಿಯಂಡಮೋಳ್ ಹತ್ತಿದೆ. 1,748 ಮೀಟರ್ ಬೆಟ್ಟ. ಕೊನೆಯ ಏರಿನಲ್ಲಿ ಕ್ಯಾಮೆರಾ ಬ್ಯಾಗಿಗೆ ಹೋಯಿತು, ಆಮೇಲೆ ಹೊರಗೆ ಬರಲೇ ಇಲ್ಲ. ಕ್ಯಾಮೆರಾ ಜೊತೆಗೇ ಬರುವ ಸಣ್ಣ ಲೆನ್ಸ್ 18-55 ಸುಮಾರು 205 ಗ್ರಾಂ. ಅದು ಕತ್ತಿನಲ್ಲಿದೆ ಅನ್ನೋದೇ ಮರೆತುಹೋಗುತ್ತದೆ. ಕೈಯಲ್ಲಿ ಇರುವ ಕ್ಯಾಮೆರಾದಲ್ಲಿ ತಾನೇ ಫೋಟೋ ಬರೋದು.

ಮಂಟಪದ ಬೆಳಕು

ಮಡಿಕೇರಿಯಲ್ಲಿ 20 ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ದಸರಾ ರಾತ್ರಿ ದಶಮಂಟಪಗಳ ಮೆರವಣಿಗೆಯ ಹಿಂದೆ ಬೆಳಗಿನವರೆಗೆ ನಡೆದವನು. ಟೀಚರ್ ಹತ್ತಿರ ಸ್ವಲ್ಪ ವಿವರವಾಗಿ ಮಾತಾಡಬೇಕು ಅನ್ನಿಸಿತು.

ಎಲ್ಲರೂ "ಎಷ್ಟು ದೂರ ಎಳೀಬಹುದು" ಅಂತ ಲೆನ್ಸ್ ನೋಡುತ್ತಾರೆ. ಕೊಡಗಿನಲ್ಲಿ ನಮಗೆ ಕಡಿಮೆ ಬೀಳೋದು ದೂರ ಅಲ್ಲ, ಬೆಳಕು. ವರ್ಷದಲ್ಲಿ ನಾಲ್ಕು ತಿಂಗಳು ಮೋಡ. ಕಾಫಿ ತೋಟದೊಳಗೆ ಹೋದರೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು. ಹೊರಗೆ ಬಿಸಿಲಿದ್ದರೂ ಒಳಗೆ ಸಂಜೆಯ ಹಾಗೆ ಇರುತ್ತದೆ. ಐನ್‌ಮನೆಯೊಳಗೆ ಕೇಳೋದೇ ಬೇಡ. ಸಣ್ಣ ಕಿಟಕಿ, ಕಪ್ಪಾದ ಮರದ ಕಂಬ, ನೆಲ್ಲಕ್ಕಿ ನಡುಬಾಡೆ ಅನ್ನೋ ನಡುಮನೆಯಲ್ಲಿ ಒಂದು ತೂಗುದೀಪ. ಅಜ್ಜ ಕೂರೋದು ಅಲ್ಲೇ.

ಈಗ ಲೆಕ್ಕ ನೋಡಿ. 18-55 ಆಗಲಿ, 18-140 ಆಗಲಿ, 18ರಲ್ಲಿ ಎಫ್ 3.5 ತೆರೆಯುತ್ತದೆ. ಝೂಮ್ ಮಾಡಿದ ಹಾಗೆ ಕಿರಿದಾಗುತ್ತಾ ಕೊನೆಗೆ ಎಫ್ 5.6ಕ್ಕೆ ನಿಲ್ಲುತ್ತದೆ. ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಎಫ್ 1.8 ಲೆನ್ಸ್ ಒಂದು ಎಫ್ 5.6ಕ್ಕಿಂತ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಅಂದರೆ ಎಫ್ 5.6ರಲ್ಲಿ ಶಟರ್ 1/15 ಸೆಕೆಂಡ್ ತೆರೆದಿರಬೇಕಾದ ಜಾಗದಲ್ಲಿ ನಿಮಗೆ ಆರಾಮಾಗಿ 1/125 ಸಿಗುತ್ತದೆ. 1/15ರಲ್ಲಿ ಅಜ್ಜನ ಬೆರಳು ಮಸುಕಾಗುತ್ತದೆ. 1/125ರಲ್ಲಿ ಬೆರಳ ನಡುವಿನ ಎಲೆಯ ನರ ಕೂಡ ಕಾಣುತ್ತದೆ.

"ವಿಆರ್ ಇದೆಯಲ್ಲ, ಅದು ಸರಿಮಾಡಲ್ವಾ" ಅಂತ ಕೇಳಬಹುದು. ವಿಆರ್ ತಡೆಯೋದು ನಿಮ್ಮ ಕೈಯ ನಡುಕವನ್ನು. ಎದುರಿನವರು ಅಲುಗಾಡಿದರೆ ಅದಕ್ಕೆ ಏನೂ ಮಾಡೋಕಾಗಲ್ಲ. ಮಕ್ಕಳ ಫೋಟೋ ತೆಗೆಯುವವರಿಗೆ ಇದು ಬೇಗ ಅರ್ಥ ಆಗುತ್ತದೆ.

ಫ್ಲ್ಯಾಶ್ ಬಗ್ಗೆಯೂ ಒಂದು ಮಾತು. ಕಲ್ಯಾಣ ಮಂಟಪದಲ್ಲಿ ಬಿಳಿ ಸೀಲಿಂಗ್ ಇರುತ್ತದೆ, ಫ್ಲ್ಯಾಶ್ ಮೇಲಕ್ಕೆ ತಿರುಗಿಸಿದರೆ ಬೆಳಕು ಮೆತ್ತಗೆ ಕೆಳಗೆ ಬರುತ್ತದೆ. ಐನ್‌ಮನೆಯ ಮಾಳಿಗೆ ಕರಿಮರ. ಬೆಳಕನ್ನೆಲ್ಲ ಅದೇ ನುಂಗಿಬಿಡುತ್ತದೆ. ನೇರವಾಗಿ ಮುಖಕ್ಕೆ ಹೊಡೆದರೆ ದೀಪದ ಬೆಳಕು ಅನ್ನೋದೇ ಫೋಟೋದಲ್ಲಿ ಉಳಿಯುವುದಿಲ್ಲ. ಪುತ್ತರಿಯ ಫೋಟೋದಲ್ಲಿ ದೀಪವೇ ಇಲ್ಲ ಅಂದರೆ ಹೇಗೆ?

ನನ್ನ ಸಲಹೆ: ಒಂದು ಹಳೆಯ 18-55, ಜೊತೆಗೆ ನಿಕಾನ್ 35 ಎಂಎಂ ಎಫ್ 1.8ಜಿ ಡಿಎಕ್ಸ್. 2009ರಿಂದ ಇರುವ ಲೆನ್ಸ್, 200 ಗ್ರಾಂ. ನಿಮ್ಮ ಬಾಡಿಯಲ್ಲಿ ಅದು ಸುಮಾರು 52 ಎಂಎಂ ಥರ ಕಾಣುತ್ತದೆ. ಒಬ್ಬರ ಎದುರು ಕೂತು ಮಾತಾಡುವಾಗ ಎಷ್ಟು ಕಾಣುತ್ತೋ ಅಷ್ಟು.

ಕುಶಾಲನಗರ ಕ್ಲಿಕ್

ಅಣ್ಣಾ, ನಿಮ್ಮ ಅನುಭವಕ್ಕೆ ಕೈ ಮುಗೀತೀನಿ. ಆದರೆ ಕಲಿಯುವವರಿಗೆ ಮೊದಲ ದಿನವೇ ಝೂಮ್ ಇಲ್ಲದ ಲೆನ್ಸ್ ಕೊಟ್ಟರೆ ಕಷ್ಟ ಆಗಲ್ವಾ? ಐನ್‌ಮನೆಯ ಒಳಗೆ ಜಾಗವೂ ಕಡಿಮೆ. 35ರಲ್ಲಿ ಹಿಂದೆ ಸರಿಯೋಕೆ ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಅಂಗಳದಲ್ಲಿ ಇಡೀ ಒಕ್ಕ, ಅಂದರೆ ಮನೆತನ, ನಿಂತರೆ 60 ಜನ. 18 ಬೇಕೇ ಬೇಕು. ಕತ್ತಲಿಗೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿದರಾಯಿತು. ಡಿ5600ರಲ್ಲಿ 3200ರವರೆಗೆ ಧೈರ್ಯವಾಗಿ ಹೋಗಬಹುದು.

ಮಂಟಪದ ಬೆಳಕು

ಒಪ್ಪುತ್ತೇನೆ, ಗುಂಪಿನ ಫೋಟೋಗೆ 18 ಬೇಕು. ಅದಕ್ಕೇ 18-55 ಬಿಡಬೇಡಿ ಅಂದದ್ದು. 18ರಲ್ಲಿ ತೆಗೆಯುವಾಗ ಒಂದು ಎಚ್ಚರ ಟೀಚರ್. ಅಂಚಿನಲ್ಲಿ ನಿಂತವರು ಅಡ್ಡಕ್ಕೆ ಎಳೆದ ಹಾಗೆ ದಪ್ಪಗೆ ಕಾಣುತ್ತಾರೆ. ಎರಡು ಹೆಜ್ಜೆ ಹಿಂದೆ ಹೋಗಿ 24ಕ್ಕೆ ತಿರುಗಿಸಿ, ಅತ್ತೆಯಂದಿರು ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಐಎಸ್‌ಒ ಮಾತು ಪೂರ್ತಿ ಒಪ್ಪಲ್ಲ. ಆ ದೀಪದ ಬೆಳಕಿನಲ್ಲಿ ಎಫ್ 1.8 ಇಟ್ಟರೇ 3200 ಬೇಕಾಗುತ್ತದೆ. ಎಫ್ 5.6 ಆದರೆ 25,600ಕ್ಕೆ ಹೋಗಬೇಕು, ಅದು ನಿಮ್ಮ ಕ್ಯಾಮೆರಾದ ಕೊನೆಯ ಮೆಟ್ಟಿಲು. ಅಲ್ಲಿ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ.

ಟೀಚರ್, ನಮ್ಮಿಬ್ಬರ ಮಾತು ಕೇಳಿ ಈಗಲೇ ದುಡ್ಡು ಹಾಕಬೇಡಿ. ಯಾರ ಹತ್ತಿರವಾದರೂ ಒಂದು 18-55 ಕೇಳಿ ಪಡೆದು ಎರಡು ವಾರ ತೆಗೆಯಿರಿ. ಆಮೇಲೆ ಕ್ಯಾಮೆರಾದಲ್ಲಿ ಒಂದೊಂದು ಫೋಟೋ ತೆರೆದು ಮೇಲಿನ ಬಾಣದ ಗುಂಡಿ ಒತ್ತುತ್ತಾ ಹೋಗಿ. ಎಷ್ಟು ಎಂಎಂ, ಎಷ್ಟು ಶಟರ್ ಅಂತ ತೋರಿಸುತ್ತದೆ. ಆ ಪುಟ ಬರದಿದ್ದರೆ ಪ್ಲೇಬ್ಯಾಕ್ ಮೆನುವಿನಲ್ಲಿ ಅದನ್ನು ಆನ್ ಮಾಡಿಕೊಳ್ಳಬೇಕು. ಎಣಿಸಿ. ನಿಮಗೆ ಯಾವ ಲೆನ್ಸ್ ಬೇಕು ಅಂತ ನಿಮ್ಮ ಫೋಟೋಗಳೇ ಹೇಳುತ್ತವೆ.

ಪೊನ್ನಂಪೇಟೆ ಗೋಲ್‌ಲೈನ್

ನಾನು ಕೊಡವ ಕೌಟುಂಬಿಕ ಹಾಕಿ ಪಂದ್ಯಗಳ ಫೋಟೋ ತೆಗೆಯೋನು. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ, ನಮಗೆಲ್ಲ ಏಪ್ರಿಲ್ ಅಂದರೆ ಅದೇ. ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಹಾಕಿ ಮೈದಾನ 91 ಮೀಟರ್ ಉದ್ದ. ಈಚೆ ಗೋಲಿನ ಹಿಂದೆ ಕೂತರೆ ಆಚೆ ಗೋಲಿಗೆ 140 ಸಾಲದು, 300ರಲ್ಲೂ ಆಟಗಾರ ಸಣ್ಣಗೇ ಕಾಣ್ತಾನೆ. ಹಾಗಾಗಿ "ಮುಂದೆ ಯಾವತ್ತಾದರೂ ಹಾಕಿಗೂ ಆಗಲಿ" ಅಂತ 18-140 ತಗೊಳ್ಳಬೇಡಿ. ಹಾಕಿ ಬೇಕು ಅನ್ನಿಸಿದಾಗ 70-300 ಬೇರೆಯಾಗಿ ನೋಡಿ.

ಸುಂಟಿಕೊಪ್ಪ ಬೆಳೆಗಾರ

ಯಾರೂ ಫಂಗಸ್ ಬಗ್ಗೆ ಮಾತಾಡ್ತಿಲ್ಲವಲ್ಲ! ಕೊಡಗಿನಲ್ಲಿ ಲೆನ್ಸ್ ತಗೊಳ್ಳುವವರು ಮೊದಲು ತಿಳಿಯಬೇಕಾದದ್ದು ಅದೇ.

ನನ್ನ ಎರಡು ತಪ್ಪು ಹೇಳ್ತೀನಿ, ನೀವು ಮಾಡಬೇಡಿ. ಮೊದಲನೆಯದು, ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಹಳೆಯ 50 ಎಂಎಂ ಎಫ್ 1.8ಡಿ ತಗೊಂಡೆ. ನನ್ನದು ಡಿ3500. ಹಾಕಿದರೆ ಫೋಕಸ್ ಆಗ್ತಾನೇ ಇಲ್ಲ. ಡಿ3500 ಆಗಲಿ, ನಿಮ್ಮ ಡಿ5600 ಆಗಲಿ, ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನೊಳಗೇ ಮೋಟಾರ್ ಇರಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದದ್ದನ್ನೇ ನೋಡಿ. ಬರೀ ಎಎಫ್ ಅಂತಿದ್ದರೆ ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬೇಕು. ಓಡುವ ಮಕ್ಕಳ ಮುಂದೆ ಅದು ಆಗುವ ಕೆಲಸ ಅಲ್ಲ.

18-55ರಲ್ಲೂ ಒಂದು ಬಲೆ ಇದೆ. ಎಎಫ್-ಪಿ 18-55 ಎರಡು ಥರ ಬರುತ್ತದೆ, ವಿಆರ್ ಇರುವುದು ಮತ್ತು ಇಲ್ಲದ್ದು. ನೋಡೋಕೆ ಎರಡೂ ಒಂದೇ. ಹೆಸರಿನ ಕೊನೆಯಲ್ಲಿ ವಿಆರ್ ಅನ್ನೋದು ಇದೆಯಾ ಅಂತ ಓದಿ. ಲೆನ್ಸ್ ಮೇಲೆ ಅದರ ಸ್ವಿಚ್ ಇರಲ್ಲ, ಕ್ಯಾಮೆರಾ ಮೆನುವಿನಲ್ಲಿ ಆನ್ ಮಾಡಬೇಕು. ಡಿ3100, ಡಿ3200 ಥರದ ಹಳೆಯ ಬಾಡಿಗಳಿಗೆ ಎಎಫ್-ಪಿ ಹೊಂದುವುದೇ ಇಲ್ಲ. ನಿಮ್ಮದಕ್ಕೆ ತೊಂದರೆ ಇಲ್ಲ. ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ ಅಂತ ಹೇಳಿದೆ.

ಎರಡನೆಯ ತಪ್ಪು ನನಗೆ ಇನ್ನೂ ನೋವು ಕೊಡುತ್ತದೆ. ಒಂದು ಮಳೆಗಾಲ ಪೂರ್ತಿ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಅಕ್ಟೋಬರ್‌ನಲ್ಲಿ ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆ. ರಿಪೇರಿಯವರು ಬಿಚ್ಚಿ ತೊಳೆದರು. ಆದರೆ ಗಾಜಿನ ಕೋಟಿಂಗ್ ತಿಂದುಹೋಗಿತ್ತು. ತೇವ, ಕತ್ತಲು, ಗಾಳಿ ಆಡದ ಜಾಗ, ಈ ಮೂರು ಸೇರಿದರೆ ಫಂಗಸ್ಸಿಗೆ ಹಬ್ಬ. ಚರ್ಮ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈಗ ರಬ್ಬರ್ ಸೀಲ್ ಇರುವ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೇನೆ. ಒಳಗೆ ಒಂದು ಸಣ್ಣ ತೇವಾಂಶ ಮೀಟರ್, ಒಂದು ಬಟ್ಟೆ ಗಂಟಿನಲ್ಲಿ ಸಿಲಿಕಾ ಜೆಲ್. ಮೀಟರ್ 40ರಿಂದ 50ರ ನಡುವೆ ಇರಬೇಕು. 60 ದಾಟಿತು ಅಂದರೆ ಜೆಲ್ ನೀರು ಕುಡಿದಿದೆ ಅಂತ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕಿಟಕಿ ತೆರೆದಿರಲಿ. ಮತ್ತೆ ನೀಲಿ ಆಗುತ್ತದೆ. ಜುಲೈ ತಿಂಗಳಲ್ಲಿ ನಾನು ವಾರಕ್ಕೊಂದು ಸಲ ಮಾಡ್ತೀನಿ. ಅಕ್ಕಿ ಡಬ್ಬಿಯಲ್ಲಿ ಇಡಿ ಅಂತ ಕೆಲವರು ಹೇಳ್ತಾರೆ. ಬೇಡ, ಹುಡಿ ಒಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಗಾಜಿಗೆ ಹತ್ತುತ್ತದೆ.

ಬೆಟ್ಟದ ಹಾದಿ

ಬಾಣಲೆ ಉಪಾಯಕ್ಕೆ ಥ್ಯಾಂಕ್ಸ್ ಸರ್. ನಾನು ಗುಲಾಬಿ ಆದ ಜೆಲ್ ಎಲ್ಲ ಎಸೆದುಬಿಡ್ತಿದ್ದೆ.

ನಾಪೋಕ್ಲು ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಮಂಟಪದಣ್ಣ ಹೇಳಿದ ಹಾಗೇ ಮಾಡಿದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಮನೆಯಲ್ಲಿ 18-55 ಇತ್ತು. ಎರಡು ವಾರಕ್ಕೆ ಕೇಳಿ ತಂದೆ. ಒಟ್ಟು 214 ಫೋಟೋ ಉಳಿಸಿಕೊಂಡಿದ್ದೇನೆ. ನಿನ್ನೆ ರಾತ್ರಿ ಕೂತು ಎಣಿಸಿದೆ.

18ರ ಹತ್ತಿರ 61. ಇವೆಲ್ಲ ತೋಟ, ರಸ್ತೆ, ತರಗತಿಯ ಒಳಗಿನ ಇಡೀ ಕೋಣೆ. 28ರಿಂದ 40ರ ನಡುವೆ 97. ಇಷ್ಟೊಂದು ಇರುತ್ತವೆ ಅಂತ ಅಂದುಕೊಂಡೇ ಇರಲಿಲ್ಲ. 55ರಲ್ಲಿ 56. ಆ 56ರಲ್ಲಿ ಹೆಚ್ಚಿನವು ಮಕ್ಕಳ ಮುಖ. ನೋಡ್ತಾ ನೋಡ್ತಾ ಗೊತ್ತಾಯಿತು, ನಾನು ಇನ್ನೆರಡು ಹೆಜ್ಜೆ ಹತ್ತಿರ ಹೋಗಬಹುದಿತ್ತು. ನಾಚಿಕೆಯಿಂದ ದೂರ ನಿಂತಿದ್ದೆ. 55 ಸಾಲಲಿಲ್ಲ ಅನ್ನಿಸಿದ್ದು ಎರಡೇ ಸಲ. ಒಂದು ಮಲಬಾರ್ ಅಳಿಲು, ಇನ್ನೊಂದು ಮರದ ತುದಿಯ ಹಕ್ಕಿ.

ಮಸುಕಾದವು ಬೇರೆ ತೆಗೆದಿಟ್ಟೆ. 43 ಇದ್ದವು. ಅದರಲ್ಲಿ 38 ಮನೆಯ ಅಥವಾ ಶಾಲೆಯ ಒಳಗಿನವು. ಶಟರ್ 1/10, 1/13, 1/20. ಅಮ್ಮ ಕಡುಬು ತಟ್ಟೆಗೆ ಹಾಕುವ ಫೋಟೋದಲ್ಲಿ ತಟ್ಟೆ ಸ್ಪಷ್ಟ, ಕೈ ಮಾತ್ರ ಹೊಗೆಯ ಹಾಗೆ ಇದೆ. ವಿಆರ್ ಆನ್ ಇತ್ತು. ನೀವು ಹೇಳಿದ್ದು ಆಗ ಸರಿಯಾಗಿ ತಲೆಗೆ ಹೋಯಿತು.

ಇನ್ನೊಂದು ಪ್ರಶ್ನೆ. ಮಂಜಿನಲ್ಲಿ ತೆಗೆದದ್ದೆಲ್ಲ ಬೂದಿ ಬಣ್ಣಕ್ಕೆ ಬಂದಿದೆ. ಅದೂ ಲೆನ್ಸಿನ ತೊಂದರೆಯಾ?

ಮಂಟಪದ ಬೆಳಕು

ಅಲ್ಲ ಟೀಚರ್, ಅದು ಕ್ಯಾಮೆರಾ ಬೆಳಕು ಅಳೆಯುವ ರೀತಿ. ಕಂಡದ್ದನ್ನೆಲ್ಲ ನಡು ಬೂದಿಗೆ ತರೋಕೆ ನೋಡುತ್ತದೆ. ಮಂಜು ಬೆಳ್ಳಗಿದ್ದರೆ ಕತ್ತಲು ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿ ಒತ್ತಿ ಪ್ಲಸ್ 0.7 ಅಥವಾ ಪ್ಲಸ್ 1 ಇಡಿ, ಮಂಜು ಮಂಜಿನ ಹಾಗೇ ಬರುತ್ತದೆ. ಕಪ್ಪು ಕುಪ್ಯ, ಅಂದರೆ ನಮ್ಮ ಉದ್ದ ಕೋಟು, ತೊಟ್ಟವರಿಗೆ ಇದರ ಉಲ್ಟಾ. ಹತ್ತು ಜನ ಕುಪ್ಯ ಹಾಕಿ ಸಾಲಾಗಿ ನಿಂತರೆ ಕ್ಯಾಮೆರಾ ಅದನ್ನು ಬೂದಿ ಮಾಡಿ ಮುಖಗಳನ್ನು ಸುಟ್ಟ ಹಾಗೆ ಬಿಳಿ ಮಾಡುತ್ತದೆ. ಅಲ್ಲಿ ಮೈನಸ್ 0.7. ಮದುಮಗನ ಕುಪ್ಯ ಬಿಳಿ, ಅವರೊಬ್ಬರೇ ಇದ್ದರೆ ಮತ್ತೆ ಪ್ಲಸ್. ಇದು ಕೈಗೆ ಬಂದರೆ ಲೆನ್ಸ್ ಬದಲಿಸಿದ್ದಕ್ಕಿಂತ ದೊಡ್ಡ ಬದಲಾವಣೆ ಕಾಣುತ್ತದೆ.

ಕುಶಾಲನಗರ ಕ್ಲಿಕ್

97 ಮತ್ತು 38 ನೋಡಿದ ಮೇಲೆ ನಾನು ನನ್ನ ಓಟು ಬದಲಿಸುತ್ತೇನೆ ಟೀಚರ್. ನಿಮಗೆ 35 ಸರಿ. ನನ್ನದೂ ಎಣಿಸಿ ನೋಡಿದೆ. 100 ದಾಟಿದ ಫೋಟೋಗಳೇ ಅರ್ಧಕ್ಕಿಂತ ಜಾಸ್ತಿ. ಆನೆ, ಹಕ್ಕಿ, ಬೈಲಕುಪ್ಪೆಯ ಗೋಪುರದ ತುದಿ. ನನ್ನ ಕಣ್ಣು ದೂರಕ್ಕೇ ಹೋಗುತ್ತದೆ. ನನಗೆ 18-140ಏ ಸರಿ.

ಇಬ್ಬರಿಗೂ ಒಂದು ಕೇಳ್ತೀನಿ. ಸಿಗ್ಮಾ 17-50 ಎಫ್ 2.8 ಒಂದೇ ತಗೊಂಡರೆ ಎರಡು ಲೆನ್ಸಿನ ಗೋಜು ತಪ್ಪಲ್ವಾ?

ಮಂಟಪದ ಬೆಳಕು

ಒಳ್ಳೆಯ ಲೆನ್ಸ್. ನನ್ನ ಹತ್ತಿರ ಇದೆ, ಎಷ್ಟೋ ಮದುವೆ ಅದರಲ್ಲೇ ಮುಗಿಸಿದ್ದೇನೆ. ಇಡೀ ಝೂಮಿನಲ್ಲಿ ಎಫ್ 2.8 ನಿಲ್ಲುತ್ತದೆ, ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು. ಒಂದೇ ಲೆನ್ಸ್ ಅಂತ ಹಟ ಇದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ 565 ಗ್ರಾಂ, ಫಿಲ್ಟರ್ 77 ಎಂಎಂ. ದೀಪದ ಬೆಳಕಿಗೆ ಎಫ್ 1.8 ಇನ್ನೂ ಎರಡೂವರೆ ಪಟ್ಟು ಮುಂದೆ. ಟೀಚರ್ ಕೇಳುತ್ತಿರುವುದು ಆ ಒಂದು ದೀಪದ ಫೋಟೋ. ಅದಕ್ಕೇ 35.

ನಾಪೋಕ್ಲು ಟೀಚರ್

ನನ್ನದರ ಥರದ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಕಾಲ ಮುಗಿಯಿತು, ಅದಕ್ಕೆ ದುಡ್ಡು ಹಾಕಬೇಡ ಅಂತ ಚಿಕ್ಕಪ್ಪನ ಮಗ ಹೇಳ್ತಿದ್ದಾನೆ. ನಿಜವಾ?

ಸುಂಟಿಕೊಪ್ಪ ಬೆಳೆಗಾರ

ನಿಕಾನ್, ಕ್ಯಾನನ್ ಎರಡೂ ಮಿರರ್‌ಲೆಸ್ ಕಡೆ ತಿರುಗಿರುವುದು ನಿಜ. ಅದಕ್ಕೇ ಹಳೆಯ ಲೆನ್ಸ್ ಚೆನ್ನಾಗಿ ಸಿಗ್ತಿವೆ. ಮುಂದೆ ನಿಕಾನ್‌ನ ಮಿರರ್‌ಲೆಸ್ ಝಡ್ ಬಾಡಿ ತಗೊಂಡರೆ ಎಫ್‌ಟಿಝಡ್ ಅಡಾಪ್ಟರ್ ಹಾಕಿದರಾಯಿತು, ಎಎಫ್-ಎಸ್ ಲೆನ್ಸ್ ಅದರಲ್ಲೂ ತಾನೇ ಫೋಕಸ್ ಮಾಡುತ್ತದೆ. ದುಡ್ಡು ಹೊಳೆಗೆ ಹಾಕಿದ ಹಾಗೇನೂ ಆಗಲ್ಲ.

ಹಳೆಯದು ತಗೊಳ್ಳುವಾಗ ಒಂದು ಟಾರ್ಚ್ ಹಿಡಿದುಕೊಂಡು ಹೋಗಿ. ಈ ಲೆನ್ಸ್‌ಗಳ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಕ್ಯಾಮೆರಾದಿಂದ ಕಳಚಿದಾಗ ಮುಚ್ಚಿಕೊಂಡಿರುತ್ತದೆ. ಹಿಂಬದಿಯಲ್ಲಿ ಒಂದು ಸಣ್ಣ ಲಿವರ್ ಇದೆ, ಅದನ್ನು ಮೆಲ್ಲಗೆ ಸರಿಸಿ ಹಿಡಿದರೆ ತೆರೆಯುತ್ತದೆ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಎಷ್ಟು ಅಗ್ಗವಾದರೂ ಬೇಡ.

ನಾಪೋಕ್ಲು ಟೀಚರ್

ತಗೊಂಡೆ! ಮೈಸೂರಿಗೆ ಹೋಗಿದ್ದೆ. ಎಎಫ್-ಪಿ 18-55 ವಿಆರ್ ಒಂದು, 35 ಎಫ್ 1.8 ಒಂದು, ಎರಡೂ ಹಳೆಯದೇ. ಮೊದಲು ತೋರಿಸಿದ 35ರಲ್ಲಿ ಅಂಚಿಗೆ ಎಳೆ ಕಂಡಿತು, ವಾಪಸ್ ಕೊಟ್ಟೆ. ಎರಡನೆಯದು ನೀರಿನ ಹಾಗೆ ಇತ್ತು. ಎರಡೂ ಬಜೆಟ್ ಒಳಗೇ ಆದವು. ಉಳಿದದ್ದರಲ್ಲಿ ಡಬ್ಬಿ, ಮೀಟರ್, ಸಿಲಿಕಾ ಜೆಲ್ ತಂದೆ.

ಮಂಟಪದ ಬೆಳಕು

ಒಳ್ಳೆಯದಾಯಿತು. ಪುತ್ತರಿಗೆ ಮೊದಲು ಎರಡು ಮೂರು ರಾತ್ರಿ ಮನೆಯಲ್ಲಿ ಒಂದು ದೀಪ ಹಚ್ಚಿ ಅಭ್ಯಾಸ ಮಾಡಿ. ಕತ್ತಲಲ್ಲಿ ಫೋಕಸ್ ಹುಡುಕಾಡುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 39 ಫೋಕಸ್ ಬಿಂದು ಇವೆ, ಅದರಲ್ಲಿ ನಡುವಿನ 9 ಗಟ್ಟಿ. ನಡುವಿನ ಒಂದನ್ನೇ ಆರಿಸಿ, ದೀಪದ ಬೆಳಕು ಬಿದ್ದ ಅಂಚಿಗೆ ಹಿಡಿಯಿರಿ. ಒಬ್ಬರೇ ಇದ್ದರೆ ಎಫ್ 1.8 ಅಥವಾ 2. ಎರಡು ಸಾಲು ಜನ ಇದ್ದರೆ ಎಫ್ 4ಕ್ಕೆ ಬನ್ನಿ, ಇಲ್ಲದಿದ್ದರೆ ಹಿಂದಿನ ಸಾಲು ಮಸುಕಾಗುತ್ತದೆ.

ನಾಪೋಕ್ಲು ಟೀಚರ್

ಪುತ್ತರಿ ಮುಗಿಯಿತು. ನಿನ್ನೆ ರಾತ್ರಿಯ ನಿದ್ದೆ ಇನ್ನೂ ಬಾಕಿ ಇದೆ, ಆದರೂ ಮೊದಲು ಇಲ್ಲಿ ಬರೆಯಬೇಕು ಅನ್ನಿಸಿತು.

ಗದ್ದೆಯಲ್ಲಿ ಕದಿರು ಕೊಯ್ಯುವಾಗ ತೆಗೆದದ್ದರಲ್ಲಿ ಹೆಚ್ಚಿನವು ಕೆಟ್ಟವು. ಎಲ್ಲರೂ ಪೊಲಿ ಪೊಲಿ ದೇವಾ ಅಂತ ಕೂಗುತ್ತಿದ್ದರು, ಕೋವಿಯ ಸದ್ದಿಗೆ ನಾನೇ ಬೆಚ್ಚಿಬಿದ್ದೆ, ಫೋಕಸ್ ಎಲ್ಲೋ ಹೋಯಿತು. ಒಂದೇ ಒಂದು ಸರಿ ಬಂದಿದೆ. ಅದರಲ್ಲಿ ದೀಪ ಹಿಡಿದ ಅತ್ತಿಗೆಯ ಮುಖ, ಹಿಂದೆ ಹುಣ್ಣಿಮೆಯ ಬೆಳಕಿನಲ್ಲಿ ಭತ್ತದ ತೆನೆ.

ಗದ್ದೆಗೆ ಹೊರಡುವ ಮೊದಲು ಐನ್‌ಮನೆಯಲ್ಲಿ 35 ಹಾಕಿಕೊಂಡು ಅಜ್ಜನ ಎದುರು ನೆಲದ ಮೇಲೆ ಕೂತಿದ್ದೆ. ಎಫ್ 2, 1/100, ಐಎಸ್‌ಒ 3200. ಅಜ್ಜ ಎಲೆಗಳನ್ನು ಒಂದರ ಮೇಲೊಂದು ಇಟ್ಟು ನಾರು ಸುತ್ತುತ್ತಿದ್ದರು. ಅವರು ಕ್ಯಾಮೆರಾ ಕಡೆ ನೋಡಲೇ ಇಲ್ಲ. ಬೆರಳು, ಎಲೆ, ಕುಪ್ಯದ ತೋಳಿನ ಅಂಚು, ಎಲ್ಲ ಸ್ಪಷ್ಟ ಬಂದಿದೆ. ಮೈನಸ್ 0.7 ಇಟ್ಟಿದ್ದಕ್ಕೆ ಕಪ್ಪು ಕಪ್ಪಾಗಿಯೇ ಇದೆ. ದೀಪದ ಹಳದಿ ಕೆನ್ನೆಯ ಒಂದು ಬದಿಗೆ ಬಿದ್ದಿದೆ.

ಬೆಳಿಗ್ಗೆ ಅಜ್ಜನಿಗೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ "ನನ್ನ ಕೈ ನನ್ನಪ್ಪನ ಕೈ ಥರಾನೇ ಆಗಿಬಿಟ್ಟಿದೆ" ಅಂದರು.

ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು. ಮಡಿಕೇರಿ ಅಥವಾ ಮೈಸೂರಿನಲ್ಲಿ ಮ್ಯಾಟ್ ಪೇಪರಿನ ಮೇಲೆ ಚೆನ್ನಾಗಿ ಮಾಡಿಕೊಡುವವರು ಗೊತ್ತಿದ್ದರೆ ಹೇಳಿ. ನಮ್ಮ ಐನ್‌ಮನೆ ಗೋಡೆಯಲ್ಲಿ ಮಳೆಗಾಲಕ್ಕೆ ತೇವ ಬರುತ್ತದೆ, ಫ್ರೇಮ್ ಹಿಂದೆ ಏನು ಹಾಕಿಸಬೇಕು ಅನ್ನೋದೂ ತಿಳಿಸಿ.